ನನ್ನ ಕೈಯ ಎರಡನೇ ಅಳತೆ

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ತಿಂಗಳಾಯಿತು. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ಭಾವನ ಮಂಡಿನೋವು ಇಳಿಯಿತೇ? ನಾನು ಹೇಳಿದ ವ್ಯಾಯಾಮ ಮಾಡುತ್ತಿಲ್ಲವೆಂದು ಗೊತ್ತು. ಹಲ್ಲಿನ ಡಾಕ್ಟರ ಮಾತನ್ನು ಮಂಡಿ ಯಾಕೆ ಕೇಳಬೇಕು ಅನ್ನುತ್ತಿರಬೇಕು.

ಇಲ್ಲಿ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಬಂಧದ ಗಡಿಬಿಡಿ. ವಕ್ರ ಹಲ್ಲು ಸರಿಮಾಡುವ ಮೊದಲು ಪ್ಲಾಸ್ಟರ್ ಅಚ್ಚು ತೆಗೆದು ಅಳೆಯುತ್ತೇವಲ್ಲ, ಅದನ್ನು ಕ್ಯಾಲಿಪರ್ ಎಂಬ ಅಳತೆಯ ಇಕ್ಕಳ ಹಿಡಿದು ಅಳೆದರೆ ಸರಿಯೋ, ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅಳೆದರೆ ಸರಿಯೋ ಎಂಬುದು ಅವಳ ಪ್ರಶ್ನೆ. ಕಂಪ್ಯೂಟರಿನಲ್ಲಿ ಅಳೆಯುವವಳು ಅವಳು, ಕೈಯಲ್ಲಿ ಅಳೆಯುವವಳು ನಾನು. ಮೊದಲ ಸುತ್ತಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬಂದವು. ಸ್ವಲ್ಪ ಬೀಗಿದೆ ಕೂಡ. ಆದರೆ ಅವೇ ಅಚ್ಚುಗಳನ್ನು, ಹಳೆಯ ಅಂಕಿ ನೋಡದೆ, ಮತ್ತೊಮ್ಮೆ ಅಳೆಯಬೇಕು. ಅಳೆದವರು ತಮ್ಮ ಅಳತೆಗೆ ತಾವೇ ಒಪ್ಪುತ್ತಾರೋ ಎಂಬ ಪರೀಕ್ಷೆ ಅದು. ಕಾಲೇಜಿನ ಪರೀಕ್ಷೆ, ರಜೆ ಎಂದು ತಿಂಗಳುಗಳು ಕಳೆದ ಮೇಲೆ ಅದಕ್ಕೆ ಕೂತೆವು.

ಅವಳ ಅಂಕಿಗಳು ಒಪ್ಪಿದವು. ನನ್ನವು ಒಪ್ಪಲಿಲ್ಲ.

ಒಂದು ಹಲ್ಲಿಗೆ ಅರ್ಧ ಮಿಲಿಮೀಟರ್ ವ್ಯತ್ಯಾಸ ಅಂದರೆ ನಿನಗೆ ನಗು ಬರಬಹುದು. ಇಡೀ ಸಾಲಿಗೆ ಕೂಡಿದರೆ, ಉಳಿಯಬೇಕಾದ ಹಲ್ಲನ್ನು ಕೀಳಿಸಿಬಿಡುತ್ತದೆ.

"ನಿಮ್ಮ ಕೈ ತಪ್ಪೋದುಂಟೇನ್ರೀ? ಅಚ್ಚೇ ಸವೆದಿರ್ಬೇಕು," ಎಂದರು ನಮ್ಮ ಮುಖ್ಯಸ್ಥರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಸಾಲಿಗೆ ಸೇರುವ ಆಸೆ ನನಗಿಲ್ಲ. ವಿದ್ಯಾರ್ಥಿನಿಯ ಕೈಗೆ ಕ್ಯಾಲಿಪರ್ ಕೊಟ್ಟು ಅಳೆಸಿದೆ. ನನ್ನ ಮೊದಲ ಸುತ್ತಿನ ಅಂಕಿಗಳೇ ಬಂದವು. ಅಚ್ಚು ಸವೆದಿರಲಿಲ್ಲ. ನನ್ನ ಹೆಬ್ಬೆರಳು ನಡುಗುತ್ತಿದೆ, ಕ್ಯಾಲಿಪರಿನ ಮೊನೆ ಹಲ್ಲಿನ ಸಂದಿಯಲ್ಲಿ ನಿಲ್ಲುತ್ತಿಲ್ಲ.

ಅವಳಿಗೂ ಅರ್ಥವಾಯಿತು. "ಮೇಡಂ, ನಾನು ಅಳೆದಿದ್ದನ್ನೇ ನಿಮ್ಮದು ಅಂತ ಹಾಕ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ," ಎಂದಳು, ಪ್ರೀತಿಯಿಂದಲೇ.

"ನನಗೆ ಗೊತ್ತಿರುತ್ತಲ್ಲ ಮರಿ," ಎಂದೆ.

ಬಂದ ಅಂಕಿ ಬಂದ ಹಾಗೆಯೇ ಪ್ರಬಂಧಕ್ಕೆ ಹೋಗುತ್ತದೆ. ಸೋಮವಾರದಿಂದ ನಾನು ಯಾರ ಬಾಯಿಗೂ ಕೈ ಹಾಕುವುದಿಲ್ಲ. ಮುಖ್ಯಸ್ಥರು ಇನ್ನೊಮ್ಮೆ ಯೋಚಿಸಿ ಎಂದರು. ಯೋಚಿಸಿಯೇ ಬರೆದುಕೊಟ್ಟಿದ್ದೇನೆ ಎಂದೆ. ಈ ತಿಂಗಳ ಕೊನೆಯ ಗುರುವಾರ ನರಗಳ ಡಾಕ್ಟರನ್ನು ಕಾಣುತ್ತೇನೆ. ಪಾಠ ಬಿಡುವುದಿಲ್ಲ. ನನ್ನ ಬಾಯಿಗಂತೂ ಏನೂ ಆಗಿಲ್ಲ, ಅದು ನಿನಗೇ ಚೆನ್ನಾಗಿ ಗೊತ್ತು. ದುಃಖವಾಗಿಲ್ಲ ಎಂದರೆ ಸುಳ್ಳು. ನಿನ್ನೆ ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಕ್ಲಾಸ್ ತೆಗೆದುಕೊಂಡೆ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನಗೂ ಭಾವನಿಗೂ ನಮಸ್ಕಾರ.

ನಿನ್ನ
ಮೊಂಡಿ

ತಾ.ಕ.: ಅಮ್ಮನ ಕೈ ನಡುಗಲು ಶುರುವಾದದ್ದೂ ನನ್ನ ಈ ವಯಸ್ಸಿನಲ್ಲೇ. ನಮ್ಮ ಜಡೆ ಹೆಣೆಯುವುದನ್ನು ಬಿಟ್ಟಳು, ಕಾರಣ ಮಾತ್ರ ಹೇಳಲಿಲ್ಲ. ಕಣ್ಣು ಮಂಜಾಯಿತು, ಹೊಲಿಗೆ ಬಿಟ್ಟೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ. ಅಕ್ಕಾ, ಕಣ್ಣೋ, ಕೈಯೋ? ನಿಜ ಬರಿ. ಆ ಗುರುವಾರ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗೋಣ.