ಗಟ್ಟಿ ಕೈಗಳು

ಎಂವಿಪಿ ಕಾಲೋನಿ, ವಿಶಾಖಪಟ್ಟಣ
೧೪-೮-೧೯೯೧

ಡಾಕ್ಟರ್ ಅಶ್ವತ್ಥ ಅವರಿಗೆ ನಮಸ್ಕಾರ.

ನಾನು ಹವಾಲ್ದಾರ್ ಚಂದ್ರಮೌಳಿಯವರ ಹೆಂಡತಿ. ವಿಜಯವಾಡದಲ್ಲಿ ನಡೆದ ಸೇನಾ ಪಿಂಚಣಿ ತಪಾಸಣೆಯಲ್ಲಿ ನೀವು ಕನ್ನಡದಲ್ಲೇ ಮಾತಾಡಿಸಿದಿರಿ, ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಶ್ರೀಲಂಕಾದ ಯುದ್ಧದಲ್ಲಿ ಅವರ ಎರಡೂ ಕಾಲು ಹೋಗಿದ್ದರೂ ಕೈಗಳು ಗಟ್ಟಿಯಾಗಿವೆ, ಸಹಾಯಕನ ಭತ್ಯೆ ಬೇಕಿಲ್ಲ ಎಂದು ಬರೆದಿರಿ.

ಕಳೆದ ಭಾನುವಾರ ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸುತ್ತಿದ್ದಾಗ ನೌಕಾಪಡೆಯ ಹೆಲಿಕಾಪ್ಟರೊಂದು ಮನೆಯ ಮೇಲೇ ತಗ್ಗಾಗಿ ಹಾರಿತು. ಆ ಸದ್ದಿಗೆ ಇವರು ಮತ್ತೆ ಯುದ್ಧದಲ್ಲೇ ಇದ್ದವರಂತೆ "ಎಷ್ಟು ಜನ ಅಡಗಿದ್ದೀರಿ? ಹೇಳು!" ಎಂದು ಕೂಗುತ್ತಾ ನನ್ನ ಕತ್ತು ಹಿಸುಕಿ, ತಲೆಯನ್ನು ನಲ್ಲಿಗೆ ಮೂರು ಸಲ ಚಚ್ಚಿದರು. ಕಣ್ಣು ಕತ್ತಲಿಡುವಾಗ ನಾನು ಹಿತ್ತಾಳೆ ಚೊಂಬಿನಿಂದ ಅವರ ಹಣೆ ಒಡೆದು ಬಿಡಿಸಿಕೊಂಡೆ. ಬಚ್ಚಲ ನೀರೆಲ್ಲ ಕೆಂಪಾಯಿತು. ಅವರಿಗೆ ಪ್ರಜ್ಞೆ ಬಂದ ಮೇಲೆ ನನ್ನ ಕತ್ತು ನೋಡಿ, "ಯಾರು ಹೊಡೆದರು ನಿನ್ನ? ಅವನನ್ನು ಕೊಂದುಬಿಡ್ತೀನಿ" ಎಂದು ಅತ್ತರು. ಜಾರಿ ಬಿದ್ದೆ ಎಂದೆ.

ನಾನು ಬ್ಯಾಂಕಿನ ಕೆಲಸ ಬಿಡಲಾರೆ. ಅವರನ್ನು ನೋಡಿಕೊಳ್ಳಲು ಒಬ್ಬ ಗಟ್ಟಿ ಗಂಡಾಳು ಬೇಕು, ದಯವಿಟ್ಟು ಭತ್ಯೆಗೆ ಶಿಫಾರಸು ಮಾಡಿ. ಆದರೆ ಇವರು ಹೊಡೆಯುತ್ತಾರೆಂದು ಫೈಲಿನಲ್ಲಿ ಬರೆಯಬೇಡಿ, ಹುಚ್ಚಾಸ್ಪತ್ರೆಗೆ ಸೇರಿಸಿಬಿಡುತ್ತಾರೆ. ಹೆಂಡತಿಗೆ ಶಕ್ತಿ ಸಾಲದು ಎಂದು ಬರೆಯಿರಿ. ಅದಕ್ಕೆ ನಾನು ಸಹಿ ಹಾಕುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸುಲೋಚನಾ