ಛಾವಣಿಯ ಮೇಲಿನ ಹಗ್ಗದ ಗುರುತು

ಕೇದಾರ ಘಾಟಿನ ಸಮಸ್ತ ಸಭಿಕರೇ, ಕೇಳಿರಿ! ಕ್ಷಮಿಸಿ, ನಾಟಕದ ರೂಢಿ; ಅಂದರೆ, ತೀರ್ಥರೂಪು ಅಪ್ಪನವರೇ,

ಸಾಷ್ಟಾಂಗ ನಮಸ್ಕಾರಗಳು. ಎದುರು ನಿಂತು ಹೇಳಲು ಧೈರ್ಯ ಸಾಲದೆ ಈ ಕಾಗದವನ್ನು ನಿಮ್ಮ ಪಂಚಾಂಗದೊಳಗೆ ಇಡುತ್ತಿದ್ದೇನೆ.

ಡಿಗ್ರಿ ಮುಗಿದ ಉತ್ಸಾಹದಲ್ಲಿ ನಾನು ಕೊಂಡ ಹಳೆಯ ಕಾರನ್ನು ನೀವಿನ್ನೂ ನೋಡಿಲ್ಲ. ಅದರ ಛಾವಣಿಯ ಮೇಲಿನ ಹಗ್ಗದ ಗುರುತು ಯಾತ್ರಿಕರ ಗಂಟುಮೂಟೆಯದೆಂದು ನಂಬಿದ್ದೆ. ಇಂದು ಅಸ್ಸಿ ಘಾಟಿನ ಚಹಾದಂಗಡಿಯ ಮುನ್ನಾ ಅದನ್ನು ಕಂಡು ನಕ್ಕ: “ಅರೇ ಪಂಡಿತ್‌ಜೀ, ಇದು ಹೆಣ ಹೊರ್ತಿದ್ದ ಗಾಡಿ! ಸ್ಟೇರಿಂಗ್ ಬಿಟ್ರೂ ತಾನೇ ಹರಿಶ್ಚಂದ್ರ ಘಾಟ್‌ನ ಮಸಣ ಸೇರುತ್ತೆ.”

ಗಣೇಶನ ಚಪ್ಪರದ ನಾಟಕದಲ್ಲಿ ಯಮನಾಗಿ ಅಬ್ಬರಿಸಿದವನು ನಾನು! ಆಮೇಲೆ ಕಾರಿನ ಬಾಗಿಲನ್ನು ಕೈಗೆ ಕರವಸ್ತ್ರ ಸುತ್ತಿಕೊಂಡೇ ತೆಗೆದೆ. ಶ್ರೀರಮಕ್ಕನನ್ನೂ ಅವಳ ಎಂಟು ದಿನದ ಕೂಸನ್ನೂ ನಾಳೆ ಇದರಲ್ಲೇ ಆಸ್ಪತ್ರೆಯಿಂದ ಕರೆತರುವುದಾಗಿ ಮಾತು ಕೊಟ್ಟಿದ್ದೇನೆ. ದಿನವೂ ಯಾತ್ರಿಕರಿಂದ ಪಿಂಡಪ್ರದಾನ ಮಾಡಿಸುವ ನಿಮ್ಮ ಕಣ್ಣಿಗೆ ಆ ಗುರುತು ತಪ್ಪದು. ಅಮ್ಮನಿಗೆ ಮಾತ್ರ ಹೇಳಬೇಡಿ.

ಕಾರು ನಮ್ಮ ಗಲ್ಲಿಗೆ ಬಾರದು. ನಾಳೆ ಬೆಳಿಗ್ಗೆ ಏಳಕ್ಕೆ ಸೋನಾರ್‌ಪುರದ ರಸ್ತೆಯಲ್ಲಿ ಕಾಯುತ್ತೇನೆ. ನೀವು ಪುಣ್ಯಾಹದ ನೀರು ಪ್ರೋಕ್ಷಿಸಿ ನನ್ನ ಪಕ್ಕ ಕುಳಿತರೆ ಕಾರು ಹೊರಡಿಸುತ್ತೇನೆ. ನೀವು ಬಾರದಿದ್ದರೆ ಅಲ್ಲೇ ಬೀಗ ಹಾಕಿ, ಇ-ರಿಕ್ಷಾದಲ್ಲಿ ಹೋಗಿ, ಕೂಸನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡು ಬರುತ್ತೇನೆ.

ನಿಮ್ಮ
ಸುಮಧ್ವ