ನಿಘಂಟಿನ ಎರಡನೆಯ ಅರ್ಥ

ಪುರವರ, ಮಧುಗಿರಿ ತಾಲ್ಲೂಕು
9-11-2024, ಶನಿವಾರ

ಪ್ರೀತಿಯ ಲಾವಣ್ಯವ್ವಾ,

ಹೆಂಗಿದ್ದೀಯವ್ವ? ಬಳ್ಳಾರಿಯ ನೀರು ಈಗಲಾದರೂ ಮೈಗೆ ಒಗ್ಗಿತೆ? ವಾರ್ಡಿನಲ್ಲಿ ನಿಂತೂ ನಿಂತೂ ಕಾಲು ಊದುತ್ತದೆ ಅಂದಿದ್ದೆ, ಬಿಸಿನೀರಿಗೆ ಉಪ್ಪು ಹಾಕಿ ಪಾದ ಇಟ್ಟುಕೋ. ನರ್ಸಿಂಗ್ ಓದುವವಳಿಗೇ ವೈದ್ಯ ಹೇಳುತ್ತಾನೆ ಈ ತಾತ ಅಂತ ನಗಬೇಡ. ಇಲ್ಲಿ ಕುರಿಗಳೆಲ್ಲ ಚೆನ್ನಾಗಿವೆ. ನೀನು ಹೆಸರಿಟ್ಟ ಕೆಂಚಿ ಎರಡು ಮರಿ ಹಾಕಿದೆ, ಎರಡಕ್ಕೂ ಅದರದ್ದೇ ಬಣ್ಣ. ಫೋನ್ ಇರುವಾಗ ಕಾಗದ ಯಾಕೆ ಅಂತ ನಿನಗೆ ಅನ್ನಿಸಬಹುದು. ಮನೆಯ ಫೋನ್ ಸದಾ ನಿನ್ನ ಅಜ್ಜಿಯ ಮಡಿಲಲ್ಲೇ ಇರುತ್ತದೆ. ರಿಂಗಾದರೆ ಅವಳೇ ಎತ್ತಬೇಕು, ನಾನು ಕೈ ಹಾಕಿದರೆ ಮುನಿಸು. ಈ ಕಾಗದದ ವಿಷಯ ಅವಳ ಕಿವಿಗೆ ಬೀಳಬಾರದು.

ಉಣ್ಣೆ ನೂಲುವಾಗ ಅವಳ ಕೈಯಿಂದ ಕದಿರು ಜಾರಿ ಬೀಳುತ್ತಿದೆ ಅಂತ ಶ್ರಾವಣದಲ್ಲಿ ತುಮಕೂರಿಗೆ ಹೋಗಿ ತೋರಿಸಿಕೊಂಡು ಬಂದೆವಲ್ಲ. ಅವತ್ತು ಅವಳನ್ನು ಹೊರಗೆ ಕಳಿಸಿ, ಡಾಕ್ಟರು ನನ್ನನ್ನು ಕೂರಿಸಿಕೊಂಡೇ ಹೇಳಿದರು. ನನಗೆ ಅರ್ಧ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಅನ್ನಲು ನಾಚಿಕೆಯಾಗಿ, ಕಾಗದ ಕೊಡಿ ಸ್ವಾಮಿ, ನನಗೆ ಇಂಗ್ಲಿಷ್ ಬರುತ್ತೆ, ಮನೆಯಲ್ಲಿ ಓದಿಕೊಳ್ಳುತ್ತೇನೆ ಅಂದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕುರಿ ಹಿಂದೆ ಹೋದವನು ನಾನು. ಶಿರಾ ಬಸ್ ಸ್ಟ್ಯಾಂಡಿನಲ್ಲಿ ಹಳೇ ಪುಸ್ತಕದವನ ಹತ್ತಿರ ತಂದ ಇಂಗ್ಲಿಷ್-ಕನ್ನಡ ನಿಘಂಟನ್ನು ಕುರಿ ಮೇಯಿಸುತ್ತಲೇ ನಲವತ್ತು ವರ್ಷ ಓದಿದ್ದೇನೆ. ಔಷಧಿ ಡಬ್ಬಿ, ಬ್ಯಾಂಕಿನ ಕಾಗದ, ಏನು ಬಂದರೂ ಊರಿನವರು ನನ್ನ ಜಗಲಿಗೇ ತರುತ್ತಾರೆ. ಆ ಗತ್ತು ನನಗಿತ್ತು.

ರಿಪೋರ್ಟಿನಲ್ಲಿ ಪ್ರೋಗ್ರೆಸಿವ್ ಅಂತ ಇತ್ತು. ನಿಘಂಟಿನಲ್ಲಿ ಹುಡುಕಿದೆ. ಮೊದಲು 'ಪ್ರಗತಿ ಹೊಂದುವ' ಅಂತ, ಅದರ ಪಕ್ಕದಲ್ಲಿ 'ಮುಂದುವರಿಯುವ' ಅಂತ ಎರಡು ಅರ್ಥ. ಮೊದಲನೆಯದನ್ನು ಓದಿ ನಿಘಂಟು ಮುಚ್ಚಿದೆ ಕಣವ್ವ. ಎರಡು ವಾರದೊಳಗೆ ನರದ ಡಾಕ್ಟರಿಗೆ ತೋರಿಸಿ ಅಂತ ಕೆಳಗಿದ್ದದ್ದನ್ನೂ ಓದಿದೆ. ಸುಧಾರಿಸುತ್ತಿರುವವಳನ್ನು ಅಷ್ಟು ದೂರ ಯಾಕೆ ಅಲೆದಾಡಿಸಲಿ ಅಂತ ನಾನೇ ತೀರ್ಮಾನ ಮಾಡಿದೆ. ನೀನು ರಿಪೋರ್ಟಿನ ಫೋಟೊ ಕೇಳಿದಾಗಲೂ, ನಮ್ಮದು ಬಟನ್ ಫೋನು, ನಾನೇ ಓದಿದ್ದೀನಿ ಬುಡು ಅಂದೆ.

ಮೊನ್ನೆ ಅವಳ ಮಾತ್ರೆಗೆ ಕೊರಟಗೆರೆಗೆ ಹೋಗಿದ್ದಾಗ ಮೆಡಿಕಲ್ ಶಾಪಿನ ಅಂಜಿನಮೂರ್ತಿ ಆ ಕಾಗದ ನೋಡಿದ. 'ತಾತ, ಇದನ್ನ ಓದಿದ್ದು ಯಾರು?' ಅಂದ. ನಾನೇ ಅಂದೆ. ಗಿರಾಕಿಗಳನ್ನು ನಿಲ್ಲಿಸಿ, ನನ್ನನ್ನು ಒಳಗೆ ಕರೆದು ಸ್ಟೂಲು ಕೊಟ್ಟ. 'ಪ್ರೋಗ್ರೆಸಿವ್ ಅಂದ್ರೆ ಅಜ್ಜಿ ಸುಧಾರಿಸ್ತಾ ಅವ್ರೆ ಅಂತಲ್ಲ ತಾತ. ಕಾಯ್ಲೆ ಬಲೀತಾ ಐತೆ ಅಂತ' ಅಂದ. ಅವನು ಸ್ಟೂಲು ಕೊಟ್ಟಾಗಲೇ ನನಗೆ ಅರ್ಧ ಗೊತ್ತಾಗಿತ್ತು.

ನಿನಗೆ ನೆನಪಿರಬೇಕು, ಕುರಿ ವಿಮೆಯವನು ಬಂದಿದ್ದಾಗ ನಿನ್ನ ಅಜ್ಜಿ 'ಕರೇ ಕುರಿ ಮೂರು ದಿನದಿಂದ ಸುತ್ತುತಾ ಐತೆ ಸ್ವಾಮಿ' ಅಂದಳು. ಅವನು 'ಸುತ್ತಲಿ ಬಿಡಿ, ಸಂಜೆಗೆ ಬರುತ್ತೆ' ಅಂದುಬಿಟ್ಟ. ತಲೆಗೆ ರೋಗ ಹತ್ತಿದ ಕುರಿ ನಿಂತ ಜಾಗದಲ್ಲೇ ಸುತ್ತುತ್ತದೆ ಅಂತ ಆ ಪ್ಯಾಂಟಿನವನಿಗೆ ಏನು ಗೊತ್ತು. ವರ್ಷವೆಲ್ಲ ಅವನನ್ನು ಆಡಿಕೊಂಡು ನಕ್ಕೆವು. ಅವನಿಗೆ ನಮ್ಮ ಕಸುಬಿನ ಮಾತು ತಿಳಿಯಲಿಲ್ಲ, ನನಗೆ ಡಾಕ್ಟರ ಕಸುಬಿನ ಮಾತು ತಿಳಿಯಲಿಲ್ಲ. ಅವನ ತಪ್ಪಿಗೆ ಒಂದು ಕುರಿಯ ವಿಮೆ ದುಡ್ಡು ಹೋಯಿತು.

ನಿನ್ನ ಅಜ್ಜಿಯೋ ನಲ್ಲಿ ಹತ್ತಿರ ಬಂದವರಿಗೆಲ್ಲ 'ನಂದು ಪ್ರೋಗ್ರೆಸ್ಸು ಕಣಮ್ಮ, ನಮ್ಮ ಯಜಮಾನ್ರು ಇಂಗ್ಲಿಷಲ್ಲೇ ಓದಿ ಹೇಳವ್ರೆ' ಅನ್ನುತ್ತಾಳೆ. ನಿನ್ನೆ ಕಾಫಿ ಲೋಟ ಕೈಜಾರಿ ಸೀರೆ ಮೇಲೆಲ್ಲ ಚೆಲ್ಲಿತು. ನನ್ನ ಮುಖ ನೋಡಿ 'ಬುಡು, ಪ್ರೋಗ್ರೆಸ್ಸೂ ಒಂದೊಂದ್ ದಿನ ರಜಾ ಹಾಕ್ತದೆ' ಅಂದಳು. ನಾನು ಒರೆಸುವ ಬಟ್ಟೆ ಹುಡುಕುವವನ ಹಾಗೆ ಹಿತ್ತಲಿಗೆ ಹೋದೆ.

ಮೂರು ತಿಂಗಳು ಹೋಯಿತವ್ವ. ಆಗಲೇ ತೋರಿಸಿದ್ದರೆ ನಿಲ್ಲುತ್ತಿತ್ತೋ ಇಲ್ಲವೋ ಅಂಜಿನಮೂರ್ತಿಗೂ ಗೊತ್ತಿಲ್ಲ. ನರದ ಡಾಕ್ಟರು ಸಿಗುವುದು 25ನೇ ತಾರೀಕು ಸೋಮವಾರವಂತೆ, ಅವತ್ತು ಕರೆದುಕೊಂಡು ಹೋಗುತ್ತೇನೆ. ವಾಸಿಯಾಗ್ತಾ ಇರೋಳಿಗೆ ಯಾಕೆ ಅಂತ ಅವಳು ಕೇಳಿಯೇ ಕೇಳುತ್ತಾಳೆ. ಏನು ಹೇಳಲಿ? ನಿಘಂಟು ತೆಗೆದು ಕೂತರೆ ಅಕ್ಷರ ಕಾಣುತ್ತದೆ, ಮಾತು ಸಿಗುವುದಿಲ್ಲ. ಅವಳಿಗೆ ಹೇಳಬಹುದಾದ ಒಂದು ಮಾತು ನಿನ್ನ ಓದಿನಲ್ಲಿ ಇದ್ದರೆ ಕಾಗದದಲ್ಲೇ ಬರೆದು ಕಳಿಸು. ಫೋನ್ ಮಾತ್ರ ಮಾಡಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಮುಟ್ಟಿದ ರೋಗಿಗಳೆಲ್ಲ ಎದ್ದು ಅವರವರ ಮನೆಗೆ ನಡೆಯಲಿ.

ನಿನ್ನ ತಾತ,
ಕ್ಯಾತಪ್ಪ

ಮರೆಯುವ ಮೊದಲು: ಲಕೋಟೆ ಅಂಟಿಸುತ್ತಿದ್ದೆ, ಫೋನ್ ರಿಂಗಾಯಿತು. ನೀನೇ ಇರಬೇಕು. ನಿನ್ನ ಅಜ್ಜಿ ಹಸಿರು ಗುಂಡಿಯ ಮೇಲೆ ಹೆಬ್ಬೆಟ್ಟು ಇಟ್ಟಳು, ಒತ್ತಲು ಆಗಲಿಲ್ಲ. ಇನ್ನೊಂದು ಕೈಯಲ್ಲೂ ನೋಡಿದಳು. ರಿಂಗು ನಿಂತ ಮೇಲೆ ಫೋನನ್ನು ನನ್ನ ಮಡಿಲಲ್ಲಿ ಇಟ್ಟಳು. ಇನ್ನು ಮೇಲೆ ಫೋನ್ ಮಾಡವ್ವ, ನಾನೇ ಎತ್ತುತ್ತೇನೆ.